ಇಪ್ಪತ್ಮೂರು ದಿನದ ಹೊಗೆ

ಹತ್ತನೆಯ ತರಗತಿಗೆ ಸೂರ್ಯನ ಪಾಠ ಮಾಡುವುದೆಂದರೆ ನಮ್ಮೂರಿನಲ್ಲಿ ಗೋಡೆಗೆ ಮುಖ ಮಾಡಿಕೊಂಡು ಮಾತಾಡಿದ ಹಾಗೆ. ಬೇರೆ ಕಡೆ ಮಕ್ಕಳು ಈ ಪಾಠವನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಾರಂತೆ. ನಮ್ಮಲ್ಲಿ ಆಕಳಿಸುತ್ತಾರೆ. ಮೂವತ್ಮೂರು ವರ್ಷದಿಂದ ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೇನೆ, ಆ ಆಕಳಿಕೆ ಒಂದು ವರ್ಷವೂ ತಪ್ಪಿಲ್ಲ.

ಹಾಗೆಂದು ನಾನು ಹೇಳುವುದನ್ನೇನೂ ಕಡಿಮೆ ಮಾಡುವುದಿಲ್ಲ. ಸೂರ್ಯನಲ್ಲಿ ಸೌದೆಯೂ ಇಲ್ಲ, ಸೀಮೆಎಣ್ಣೆಯೂ ಇಲ್ಲ ಕಣ್ರೋ ಎಂದು ಶುರು ಮಾಡುತ್ತೇನೆ. ಅದರ ನಡುಮಧ್ಯದಲ್ಲಿ ಹೈಡ್ರೋಜನ್ನಿನ ಬೀಜಗಳು ಕಿಕ್ಕಿರಿದಿವೆ. ಅವುಗಳಿಗೆ ಒಂದನ್ನು ಕಂಡರೆ ಒಂದಕ್ಕೆ ಆಗುವುದಿಲ್ಲ, ಹತ್ತಿರ ಬಂದರೆ ತಳ್ಳಾಡುತ್ತವೆ. ಆದರೆ ಇಡೀ ಸೂರ್ಯನ ಭಾರ ಮೇಲೆ ಕೂತಿದೆ, ಒಳಗೆ ಒಂದೂವರೆ ಕೋಟಿ ಡಿಗ್ರಿ ಕಾವು, ಓಡಿಹೋಗಲು ಜಾಗವಿಲ್ಲ. ಲೆಕ್ಕವಿಲ್ಲದಷ್ಟು ಸಲ ಡಿಕ್ಕಿ ಹೊಡೆದ ಮೇಲೆ ಯಾವಾಗಲೋ ಒಮ್ಮೆ ಎರಡು ಬೀಜ ಅಂಟಿಕೊಳ್ಳುತ್ತವೆ. ಹಾಗೆ ಹಂತಹಂತವಾಗಿ ನಾಲ್ಕು ಹೈಡ್ರೋಜನ್ ಬೀಜ ಸೇರಿ ಒಂದು ಹೀಲಿಯಂ ಬೀಜವಾಗುತ್ತದೆ. ತೂಗಿ ನೋಡಿದರೆ ಆ ಒಂದು, ಮೊದಲಿನ ನಾಲ್ಕಕ್ಕಿಂತ ಸಾವಿರಕ್ಕೆ ಏಳು ಪಾಲು ಹಗುರ. ಆ ಏಳು ಪಾಲು ಎಲ್ಲಿ ಹೋಯಿತು? ಅದೇ ಕಾವು, ಅದೇ ಬೆಳಕು. ಇಲ್ಲವಾದದ್ದೇ ನಮ್ಮನ್ನು ಬೆಚ್ಚಗಿಟ್ಟಿರುವುದು ಎಂದು ಹೇಳಿ ಬೋರ್ಡಿನ ಮೇಲೆ ಅಡ್ಡಗೆರೆ ಎಳೆಯುತ್ತೇನೆ. ಹೀಗೆ ಹುಟ್ಟಿದ ಕಾವು ಕೂಡಲೇ ಹೊರಗೆ ಬರುವುದಿಲ್ಲ. ಅಲ್ಲಿ ಎಡವಿ ಇಲ್ಲಿ ತಡವಿ ಹೊರಮೈ ಮುಟ್ಟಲು ಸಾವಿರಾರು ವರ್ಷ, ಕೆಲವರ ಪ್ರಕಾರ ಲಕ್ಷ ವರ್ಷ ಹಿಡಿಯುತ್ತದೆ. ಹೊರಮೈಯಿಂದ ನಮ್ಮ ಅಂಗಳಕ್ಕೆ ಎಂಟೇ ನಿಮಿಷ. ಇವತ್ತು ಸೂರ್ಯನ ಒಡಲು ಕೆಲಸ ನಿಲ್ಲಿಸಿದರೂ ನಮಗೆ ಬಿಸಿಲು ಬರುತ್ತಲೇ ಇರುತ್ತದೆ ಎನ್ನುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು, "ನಮ್ಮನೆ ಒಲೇನೂ ಅಷ್ಟೇ ತಾನೆ ಮಿಸ್?" ಎಂದು ಕೇಳಿಯೇ ಕೇಳುತ್ತಾರೆ. ಅಲ್ಲಿಗೆ ನನ್ನ ಪಾಠ ಮುಗಿದಂತೆ.

ಅವರು ಹೇಳುವುದು ಸರಿ. ನಮ್ಮ ಊರಿನಲ್ಲಿ ಇವತ್ತು ಒಲೆಗೆ ಇಟ್ಟ ಸೌದೆಯ ಕಾವು ಮೂವತ್ತು ವರ್ಷ ಬಿಟ್ಟು, ಅದೇ ತಾರೀಖಿಗೆ, ಅದೇ ಹೊತ್ತಿಗೆ, ಅದೇ ಒಲೆಯ ಕಲ್ಲಿನಿಂದ ಬರುತ್ತದೆ. ಇವತ್ತಿನ ಉರಿಯೊಳಗೆ ಕೈ ಇಟ್ಟರೆ ಹೊಳೆಯ ನೀರಿನಲ್ಲಿ ಇಟ್ಟಂತೆ ತಣ್ಣಗಿರುತ್ತದೆ. ಅನ್ನ ಬೇಯುವುದು ಅತ್ತೆಯೋ ಅಜ್ಜಿಯೋ ಇಟ್ಟ ಸೌದೆಯಿಂದ. ನಾವು ಇಡುವುದು ಮುಂದೆ ಬರುವವರಿಗೆ. ಮೂವತ್ತು ವರ್ಷದ ಹಿಂದೆ ಮದುವೆಯಾಗಿದ್ದ ಮನೆಯ ಒಲೆ ಆ ದಿನ ಧಗಧಗ ಎನ್ನುತ್ತದೆ. ಅಂಥ ದಿನ ನೋಡಿಕೊಂಡೇ ಹೋಳಿಗೆಗೆ ಬೇಳೆ ನೆನೆಹಾಕುತ್ತಾರೆ. ಹಿರಿಯರು ಸೌದೆಯಲ್ಲಿ ಜಿಪುಣತನ ಮಾಡಿದ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಹೊಸ ಮನೆ ಕಟ್ಟಿದವರು ಮೂವತ್ತು ವರ್ಷ ದಿನಾ ಬೆಳಿಗ್ಗೆ ಹೋಗಿ ಅಲ್ಲಿನ ಒಲೆಗೆ ಸೌದೆ ಇಟ್ಟು ಬರುತ್ತಾರೆ, ವಾಸ ಮಾಡುವವರು ಮೊಮ್ಮಕ್ಕಳು. ನಮ್ಮ ಆಸ್ಪತ್ರೆ ಕಟ್ಟಿ ಹನ್ನೆರಡೇ ವರ್ಷವಾಗಿದೆ, ಇನ್ನೂ ಹದಿನೆಂಟು ವರ್ಷ ಅಲ್ಲಿ ಯಾರೂ ಹೆರುವುದಿಲ್ಲ. ನರ್ಸಮ್ಮನೇ ಮನೆಗೆ ಬರುತ್ತಾಳೆ. ಕರೆಂಟ್ ಒಲೆ ತಂದವರೂ ಇದ್ದಾರೆ. ಅದು ಬಿಸಿಯಾಗುವ ಹೊತ್ತಿಗೆ ಗ್ಯಾರಂಟಿ ಕಾರ್ಡಿನ ಅಕ್ಷರ ಅಳಿಸಿಹೋಗಿರುತ್ತದೆ. ದೇವರ ಮನೆಯ ಹಳೆಯ ಕಂಚಿನ ದೀಪವನ್ನು ಹಚ್ಚದಿದ್ದರೂ ಸಂಜೆ ಹೊತ್ತು ಮುಟ್ಟಿದರೆ ಬೆಚ್ಚಗಿರುತ್ತದೆ. ಇದನ್ನು ನೆನಪಿಡಿ. ವಿಜ್ಞಾನದ ಟೀಚರಾಗಿ ನಾನೇ ನೆನಪಿಡಲಿಲ್ಲ.

ಹೊಗೆ ಮಾತ್ರ ಅವತ್ತಿನದು ಅವತ್ತೇ ಬರುತ್ತದೆ. ಎದುರು ಮನೆಯ ಚಿಮಣಿಯಲ್ಲಿ ಹೊಗೆ ಕಂಡ ಮೇಲೆಯೇ ನಮ್ಮವರು ಕಾಫಿ ಲೋಟ ಬಾಯಿಗೆ ಇಡುವುದು. ಹೊಗೆ ಕಾಣದಿದ್ದರೆ ಚಪ್ಪಲಿ ಮೆಟ್ಟಿಕೊಂಡು ಹೋಗಿ ಬಾಗಿಲು ಬಡಿಯುತ್ತಾರೆ. ಸೂರ್ಯನೂ ಹಾಗೆಯೇ, ಅವನ ನಡುವಿನಿಂದ ನ್ಯೂಟ್ರಿನೊ ಎನ್ನುವ ಕಣ ಯಾವುದಕ್ಕೂ ತಾಗದೆ ನೇರ ಹೊರಬಂದು ಎಂಟು ನಿಮಿಷದಲ್ಲಿ ನಮ್ಮ ಮೈಯೊಳಗೇ ಹಾದುಹೋಗುತ್ತದೆ, ಒಳಗೆ ಈಗ ಕೆಲಸ ನಡೆದಿದೆಯೋ ಇಲ್ಲವೋ ಅದರಿಂದ ಗೊತ್ತಾಗುತ್ತದೆ ಎಂದರೆ ಮಕ್ಕಳು, "ಓ, ಸೂರ್ಯನ ಹೊಗೆ" ಎಂದು ಬರೆದುಕೊಳ್ಳುತ್ತಾರೆ. ನಾನು ತಿದ್ದುವುದಿಲ್ಲ. ಸೂರ್ಯನಿಗೆ ಸುಳ್ಳು ಹೊಗೆ ಬಿಡಲು ಬರುವುದಿಲ್ಲ ಎನ್ನುವುದೊಂದೇ ವ್ಯತ್ಯಾಸ.

ನನಗೆ ಬರುತ್ತಿತ್ತು.

ನನ್ನ ಮೊದಲ ಮಗು ಗಂಡು. ನಾಲ್ಕು ತಿಂಗಳು ನಮ್ಮ ಜೊತೆ ಇದ್ದ. ಡಿಸೆಂಬರ್ ಇಪ್ಪತ್ತೊಂಬತ್ತರ ಬೆಳಿಗ್ಗೆ ಜ್ವರದಲ್ಲಿ ಹೋಗಿಬಿಟ್ಟ. ಆಗ ನನಗೆ ಇಪ್ಪತ್ತೆಂಟು. ಅತ್ತೆ ಇಟ್ಟಿದ್ದ ಸೌದೆ ಧಾರಾಳವಾಗಿತ್ತು, ಮನೆ ಬೆಚ್ಚಗಿತ್ತು, ಆದರೂ ಉಳಿಯಲಿಲ್ಲ. ನಮ್ಮಲ್ಲಿ ಸಾವಾದ ಮನೆಯಲ್ಲಿ ಹೆಣ ಎತ್ತುವ ಮೊದಲು ಒಲೆಗೆ ಸೌದೆ ಬೀಳಬೇಕು. ಮನೆಯವರಿಗೆ ಕೈ ಬರುವುದಿಲ್ಲ ಎಂದು ಹನ್ನೊಂದು ದಿನ ಬೀದಿಯವರೇ ಬಂದು ಇಡುತ್ತಾರೆ. ಎದುರು ಮನೆಯ ಪುಟ್ಟತಾಯಮ್ಮ, ಆಗ ಐವತ್ತರ ಗಟ್ಟಿ ಹೆಂಗಸು, ಬೆಳಗಾಗುವ ಮೊದಲೇ ಕಂಕುಳಲ್ಲಿ ಹೊರೆ ಇಟ್ಟುಕೊಂಡು ಬರುತ್ತಿದ್ದಳು. ಸೌದೆ ಇಟ್ಟು, ನನ್ನ ತಲೆ ಸವರಿ ಹೋಗುತ್ತಿದ್ದಳು. ನನ್ನ ಗಂಡ ಲಾರಿ ಡ್ರೈವರ್. ಅವರು ಮೂರನೆಯ ದಿನವೇ ಲೋಡು ಹತ್ತಿಸಿಕೊಂಡು ಹೋದವರು ತಿಂಗಳು ಬರಲಿಲ್ಲ. ಮನೆಯೊಳಗೆ ಕೂತು ಅಳುವುದಕ್ಕಿಂತ ರಸ್ತೆ ವಾಸಿ ಎನ್ನಿಸಿರಬೇಕು. ನನಗೆ ಆ ಸೌಕರ್ಯವಿರಲಿಲ್ಲ.

ಹನ್ನೆರಡನೆಯ ದಿನ, ಜನವರಿ ಒಂಬತ್ತರ ಬೆಳಿಗ್ಗೆ, ನನ್ನ ಸರದಿ. ಸೌದೆ ಕೈಗೆ ತೆಗೆದುಕೊಂಡೆ. ಮೂವತ್ತು ವರ್ಷ ಆದ ಮೇಲೆ ಈ ಮನೆಯಲ್ಲಿ ಯಾರಿರುತ್ತಾರೆ ಎನ್ನಿಸಿತು. ಯಾರೂ ಇರುವುದು ಬೇಡ ಎನ್ನಿಸಿತು. ಸೌದೆ ಕೆಳಗಿಟ್ಟೆ. ಆದರೆ ಹೊಗೆ ಕಾಣದಿದ್ದರೆ ಪುಟ್ಟತಾಯಮ್ಮ ಬಂದುಬಿಡುತ್ತಾಳಲ್ಲ. ಹಿತ್ತಲಿನಿಂದ ಒದ್ದೆ ತೆಂಗಿನ ನಾರು ತಂದು, ಒಂದು ಕಬ್ಬಿಣದ ಬಾಂಡಲಿಗೆ ತುಂಬಿ, ಕಡ್ಡಿ ಗೀರಿ ಚಿಮಣಿಯ ಕೆಳಗೆ ಎತ್ತಿ ಹಿಡಿದೆ. ದಪ್ಪ ಹೊಗೆ ಮೇಲೆ ಹೋಯಿತು. ಒಲೆ ಖಾಲಿ ಇತ್ತು. ಎದುರಿನ ಕಿಟಕಿಯಲ್ಲಿ ಪುಟ್ಟತಾಯಮ್ಮ ಹೊಗೆ ನೋಡಿ ಲೋಟ ಎತ್ತಿದ್ದು ಕಾಣಿಸಿತು. ಹೀಗೆ ಇಪ್ಪತ್ಮೂರು ದಿನ ಮಾಡಿದೆ. ಒಂದು ದಿನ ನಾರು ಸಾಲದೆ ಬೇರೆ ಏನೋ ಹಾಕಿದೆ, ಅದನ್ನು ಆಮೇಲೆ ಹೇಳುತ್ತೇನೆ. ಮೂವತ್ತೊಂದರ ಸಂಜೆ ಗಂಡ ಬಂದರು. ಮರುದಿನ ಬೆಳಿಗ್ಗೆ ಎದ್ದವರೇ ತಾವೇ ಒಲೆಗೆ ಸೌದೆ ಇಟ್ಟರು, ಮಾರನೆಯ ದಿನದಿಂದ ನಾನೂ ಇಡತೊಡಗಿದೆ. ಬಾಂಡಲಿಯನ್ನು ನೋಡಲಾಗದೆ, ಕೋಳಿಗೆ ನೀರಿಡಲು ಆಗುತ್ತದೆ ಎಂದು ಪುಟ್ಟತಾಯಮ್ಮನಿಗೆ ಕೊಟ್ಟುಬಿಟ್ಟೆ. ಗಂಡನಿಗೆ ಹೇಳಲಿಲ್ಲ. ಅವರು ಏನೂ ಗೊತ್ತಿಲ್ಲದೆ ಆರು ವರ್ಷದ ಹಿಂದೆ ತೀರಿಕೊಂಡರು.

ಎರಡು ವರ್ಷಕ್ಕೆ ಭಾರ್ಗವಿ ಹುಟ್ಟಿದಳು. ಅವಳನ್ನು ಮೊದಲ ಸಲ ಎತ್ತಿಕೊಂಡಾಗ ಸಂತೋಷಕ್ಕಿಂತ ಮುಂಚೆ ಲೆಕ್ಕ ಬಂತು: ಆ ಜನವರಿಗೆ ಇವಳಿಗೆ ಇಪ್ಪತ್ತೆಂಟು. ಇರಲಿ, ಅಷ್ಟು ಹೊತ್ತಿಗೆ ಮದುವೆಯಾಗಿ ಬೇರೆ ಮನೆಯಲ್ಲಿರುತ್ತಾಳೆ, ಇಪ್ಪತ್ಮೂರು ದಿನ ನಾನೊಬ್ಬಳು ಚಳಿಯಲ್ಲಿ ನಡುಗಿದರೆ ಆಯಿತು ಎಂದುಕೊಂಡೆ. ಮದುವೆಯೂ ಆಯಿತು, ಮೇಲಿನ ಬೀದಿಗೇ ಕೊಟ್ಟೆ. ಕಳೆದ ಬೇಸಿಗೆಯಲ್ಲಿ ಬಸುರಿ ಎಂದಳು. ನರ್ಸಮ್ಮ ಫೆಬ್ರವರಿ ಎಂಟು ಎಂದು ದಿನ ಹೇಳಿದಾಗ, ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಉಸಿರು ಬಿಟ್ಟವಳು ನಾನು. ಎಂಟು ದಿನ ಅಂತರವಿತ್ತು.

ಆದರೆ ಮೊದಲ ಹೆರಿಗೆಗೆ ಏಳು ತುಂಬುತ್ತಲೇ ತವರಿಗೆ ಬರುತ್ತಾರೆ. "ಫೆಬ್ರವರಿ ಮೊದಲ ವಾರ ಬಾರೇ" ಎಂದೆ. "ಸ್ಕೂಲಲ್ಲಿ ಪರೀಕ್ಷೆ ಗಲಾಟೆ ಇದೆ, ನಿನ್ನನ್ನು ನೋಡ್ಕೊಳ್ಳೋಕೆ ಆಗಲ್ಲ."

"ಎಲ್ಲರ ಅಮ್ಮಂದಿರೂ ಬಾ ಬಾ ಅಂತ ಕರೀತಾರೆ, ನೀನೊಬ್ಬಳು ದಿನ ಮುಂದಕ್ಕೆ ಹಾಕ್ತೀಯಲ್ಲಮ್ಮ" ಎಂದಳು. "ನಮ್ಮತ್ತೆ ಮನೆ ತಾತ ಎಂಥ ಸೌದೆ ಜಿಪುಣ ಅಂತ ನಿನಗೇ ಗೊತ್ತು. ಅಲ್ಲಿ ಒಂದು ಚೊಂಬು ನೀರು ಕಾಯೋಕೆ ಒಂದು ಗಂಟೆ ಬೇಕು. ನಮ್ಮನೆ ಒಲೆ ಇರುವಾಗ ನಾನ್ಯಾಕೆ ಅಲ್ಲಿ ನಡುಗಲಿ?"

ಡಿಸೆಂಬರ್ ಮೊದಲ ವಾರ ಚೀಲ ಹಿಡಿದುಕೊಂಡು ಬಂದೇಬಿಟ್ಟಳು. ಬಂದವಳೇ ಒಲೆಯ ಕಲ್ಲಿಗೆ ಬೆನ್ನು ಕೊಟ್ಟು ಕೂತು, "ಅಬ್ಬ" ಎಂದು ಕಣ್ಣು ಮುಚ್ಚಿದಳು. ಆವತ್ತೇ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಜನವರಿ ಎಂಟಕ್ಕೆ ಅವಳನ್ನು ಏನಾದರೂ ನೆಪ ಹೇಳಿ ಪುಟ್ಟತಾಯಮ್ಮನ ಮನೆಗೆ ದಾಟಿಸಿದರಾಯಿತು, ನಮ್ಮನೆ ಚಿಮಣಿ ಕಟ್ಟಿಕೊಂಡಿದೆ ಎಂದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ನೋಡಿ, ಮತ್ತೆ ಚಿಮಣಿಯನ್ನೇ ಹಿಡಿದೆ. ಸುಳ್ಳಿಗೂ ನನ್ನ ಕೈಯಲ್ಲಿ ಒಂದೇ ಪಾತ್ರೆ.

ಜನವರಿ ಐದರ ಮಧ್ಯಾಹ್ನ ನೋವು ಬಂತು. ತಿಂಗಳಿಗಿಂತ ಮುಂಚೆ. ಹೆಣ್ಣು ಮಗು, ಅಂಗೈ ಎರಡರಲ್ಲಿ ಹಿಡಿಸುವಷ್ಟು. ನರ್ಸಮ್ಮ ಅದನ್ನು ಒಲೆಯ ಪಕ್ಕದಲ್ಲೇ ಮಲಗಿಸಿ, "ಕಾವು ಒಂದು ಬಿಟ್ಟು ಬೇರೆ ಔಷಧಿ ಇಲ್ಲ ಇದಕ್ಕೆ. ಬಾಣಂತೀನ ಅಲುಗಾಡಿಸಬೇಡಿ, ಕೂಸನ್ನ ಈ ಕೋಣೆಯಿಂದ ಹೊರಗೆ ತರಬೇಡಿ. ನಿಮ್ಮನೆ ಒಲೆ ಒಳ್ಳೇದಿದೆ, ಅದೃಷ್ಟ" ಎಂದಳು. ಆ ನಾಲ್ಕು ದಿನ ಒಲೆ ನಿಜಕ್ಕೂ ಚೆನ್ನಾಗಿತ್ತು. ನನ್ನ ಮಗ ಸತ್ತಾಗ ಬೀದಿಯವರು ಹೊತ್ತು ತಂದ ಸೌದೆ ಅದು. ಆ ಕಾವಿನಲ್ಲಿ ಮೊಮ್ಮಗಳು ಹಾಲು ಚೀಪಿದಳು. ನಾನು ಪಕ್ಕದಲ್ಲಿ ಕೂತು ದಿನ ಎಣಿಸಿದೆ.

ಏಳರಂದು ಇಟ್ಟಿಗೆ ತಂದೆ. ಮೂವತ್ತು ಇಟ್ಟಿಗೆ. ಒಲೆಯ ಕಲ್ಲಿನ ಮೇಲೆ, ಸುತ್ತ ಜೋಡಿಸಿ ಕಾಯಿಸಿದೆ. ಮೂರು ಫ್ಲಾಸ್ಕಿಗೆ ಬಿಸಿನೀರು ತುಂಬಿದೆ. ಗೋಣಿ, ಕಂಬಳಿ, ಭತ್ತದ ಹೊಟ್ಟಿನ ಪೆಟ್ಟಿಗೆ. ಭಾರ್ಗವಿ ಮಲಗಿದ್ದಲ್ಲಿಂದಲೇ, "ಯಾಕಮ್ಮ ಇಷ್ಟೊಂದು?" ಎಂದಳು. "ಹುಷಾರಿಗೆ" ಎಂದೆ. ಎಂಟರಂದು ಅವಳನ್ನು ಎದುರು ಮನೆಗೆ ದಾಟಿಸಬೇಕೆಂದಿದ್ದೆನಲ್ಲ, ನರ್ಸಮ್ಮ ಬೈದಳು. ಹಸಿ ಬಾಣಂತಿ, ಗಾಳಿಗೆ ತೆಗೆಯುತ್ತೀರಾ, ಕಾರಣ ಏನು ಎಂದಳು. ಕಾರಣ ಹೇಳಿದ್ದರೆ ಅವಳೇ ಹೊತ್ತುಕೊಂಡು ಹೋಗುತ್ತಿದ್ದಳು. ನಾನು ಹೇಳಲಿಲ್ಲ. ಮೂವತ್ತು ವರ್ಷ ಮುಚ್ಚಿಟ್ಟದ್ದನ್ನು ಬಾಯಿಂದ ತೆಗೆಯುವುದು ಎಷ್ಟು ಕಷ್ಟ ಎಂದು ನಿಮಗೆ ಅನುಭವವಿಲ್ಲದಿದ್ದರೆ ಒಳ್ಳೆಯದೇ. ನನ್ನ ಮರ್ಯಾದೆ ಒಂದು ಕಡೆ, ಕೂಸಿನ ಜೀವ ಒಂದು ಕಡೆ, ನಾನು ಇಟ್ಟಿಗೆ ನಂಬಿದೆ.

ಒಂಬತ್ತರ ಬೆಳಿಗ್ಗೆ ಒಲೆಯ ಕಲ್ಲು ಮುಟ್ಟಿದೆ. ತಣ್ಣಗಿತ್ತು. ಮೂವತ್ತು ವರ್ಷದಿಂದ ಗೊತ್ತಿದ್ದರೂ ಕೈ ಬೆಚ್ಚಿಬಿತ್ತು. ಇಟ್ಟಿಗೆಗಳನ್ನು ಗೋಣಿಯಲ್ಲಿ ಸುತ್ತಿ ಕೂಸಿನ ಸುತ್ತ ಇಟ್ಟೆ. ಎಂಟು ಗಂಟೆಗೆ ಅವೂ ಆರಿದವು. ಹೊರಗೆ ಎದುರು ಮನೆಯೇ ಕಾಣದಷ್ಟು ಮಂಜು. ಭಾರ್ಗವಿ ಕೂಸನ್ನು ಎದೆಗೆ ಅವಚಿಕೊಂಡು, "ಅಮ್ಮ, ಒಲೆಗೆ ಏನಾಗಿದೆ ನೋಡು, ಇದರ ಕಾಲು ತಣ್ಣಗಾಗ್ತಿದೆ" ಎಂದಳು. ನಮ್ಮಲ್ಲಿ ತಡ ಮಾಡದೆ ಬರುವ ಕಾವು ಮೈಯದೊಂದೇ. ತೂಕಕ್ಕೆ ತೂಕ ಹಿಡಿದರೆ ಸೂರ್ಯನ ಒಂದು ಕಿಲೋಗಿಂತ ಮನುಷ್ಯನ ಮೈಯ ಒಂದು ಕಿಲೋ ಹೆಚ್ಚು ಕಾವು ಹುಟ್ಟಿಸುತ್ತದೆ. ಸೂರ್ಯ ಗೆಲ್ಲುವುದು ಗಾತ್ರದಿಂದ. ಇದನ್ನು ನಾನು ಪ್ರತಿ ವರ್ಷ ಹೇಳಿ ಮಕ್ಕಳನ್ನು ನಗಿಸುತ್ತೇನೆ. ಆದರೆ ರಕ್ತ ಕಳೆದುಕೊಂಡ ಬಾಣಂತಿಯ ಮೈಯಲ್ಲಿ ಎಷ್ಟಿರುತ್ತದೆ? ಅವಳೇ ನಡುಗುತ್ತಿದ್ದಳು. ಕೂಸು ಮೊಲೆ ಹಿಡಿಯಲಿಲ್ಲ. ಅದರ ತುಟಿ ನೇರಳೆ ಹಣ್ಣು ತಿಂದ ಹಾಗಿತ್ತು. ನಾನು ಫ್ಲಾಸ್ಕಿನ ನೀರು ಬಗ್ಗಿಸಿ ಬಟ್ಟೆ ಅದ್ದುತ್ತಾ, ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತಿರುವಾಗ ಬಾಗಿಲ ಮೇಲೆ ದಡದಡ ಸದ್ದಾಯಿತು.

ಪುಟ್ಟತಾಯಮ್ಮ. ಈಗ ಅವಳಿಗೆ ಎಂಬತ್ತು, ಬೆನ್ನು ಬಾಗಿದೆ. ಎರಡೂ ಕೈಗೆ ಹರಕು ಬಟ್ಟೆ ಸುತ್ತಿಕೊಂಡು ಬಾಂಡಲಿ ಹಿಡಿದಿದ್ದಳು.

"ಅಲ್ಲ ಕಣವ್ವ ಕಾಮಾಕ್ಷಿ, ಇದೇನು ಸೋಜಿಗ ನೋಡು. ಕೋಳಿ ನೀರು ಕುದೀತಾ ಐತೆ. ಬಾಯಿ ಸುಟ್ಕಂಡು ಕೊಕ್ಕೊಕ್ಕೋ ಅಂತಾವೆ. ನೀ ಕೊಟ್ಟ ಬಾಂಡ್ಲಿ ಇದು. ಯಾರೂ ಒಲೆ ಮೇಲಿಕ್ಕಿಲ್ಲ, ತಾನಾಗೇ ಕಾದೈತೆ. ಯಾವ ಕಾಲದಾಗೆ ಇದ್ರಾಗೆ ಏನು ಸುಟ್ಟಿದ್ದೆ ನೀನು?"

ಕೇಳಿದವಳು ಅಲ್ಲಿಗೇ ನಿಂತಳು. ಕೋಣೆಯ ಚಳಿ ಅವಳ ಮುಖಕ್ಕೆ ಹೊಡೆದಿರಬೇಕು. ಒಲೆಯ ಕಡೆ ನೋಡಿದಳು, ಬಾಂಡಲಿ ನೋಡಿದಳು, ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ದೇವರ ದೀಪ ಬೆಚ್ಚಗಾಗುವುದನ್ನು ದಿನಾ ನೋಡಿದ ನಮಗೆ, ನಾರು ಸುಟ್ಟ ಬಾಂಡಲಿಯೂ ಒಂದು ದಿನ ಕಾಯುತ್ತದೆ ಎನ್ನುವುದನ್ನು ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ನನಗೆ ಹೊಳೆದಿರಲಿಲ್ಲ, ಅವಳಿಗೆ ಆ ಕ್ಷಣದಲ್ಲೇ ಹೊಳೆಯಿತು.

"ಬರೇ ಹೊಗೆ ಬಿಟ್ಟಿದ್ದೇನವ್ವ?" ಎಂದಳು ಮೆಲ್ಲಗೆ. "ಆ ಹೊಗೆ ನೋಡ್ಕಂಡು ನಾನು, ಎಂಥ ಗಟ್ಟಿ ಹೆಣ್ಣು, ಮಗೀನ ಮಣ್ಣು ಮಾಡಿ ಹನ್ನೆರಡನೇ ದಿನಕ್ಕೇ ಒಲೆ ಮುಂದೆ ಕೂತವಳೆ ಅಂತ ಊರಿಗೆಲ್ಲ ಹೇಳ್ಕಂಡು ಬಂದಿದ್ದೆ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಬಾಂಡಲಿಯನ್ನು ಕೂಸಿನ ಕಾಲ ಬಳಿ ಇಟ್ಟು, ಬಟ್ಟೆಯನ್ನು ಅದರ ಅಂಚಿಗೆ ಒತ್ತಿ ಒತ್ತಿ ಕಾಯಿಸಿ ಕೂಸಿನ ಹೊಟ್ಟೆಗೆ, ಅಂಗಾಲಿಗೆ ಶಾಖ ಕೊಟ್ಟಳು. ನಾನೂ ಕೈ ಹಾಕಿದೆ. ತುಟಿಗೆ ಸ್ವಲ್ಪ ಬಣ್ಣ ಬರುತ್ತಿದ್ದಂತೆ ಬಾಂಡಲಿ ಆರತೊಡಗಿತು. ಅರ್ಧ ಗಂಟೆ. ಅವತ್ತು ನಾನು ಅಷ್ಟೇ ಹೊತ್ತು ಹೊಗೆ ಬಿಟ್ಟಿದ್ದೆ, ಎದುರಿನ ಕಿಟಕಿಗೆ ಕಂಡರೆ ಸಾಕು ಎಂದು. ಸುಳ್ಳು ಹೇಳುವುದೇ ಆದರೆ ಇನ್ನೂ ದೊಡ್ಡದು ಹೇಳಬೇಕಿತ್ತು ಎಂದು ಆ ಆರುವ ಕಬ್ಬಿಣವನ್ನು ಹಿಡಿದುಕೊಂಡು ನಾನು ಅತ್ತೆ.

ಭಾರ್ಗವಿ ನನ್ನ ಕಡೆ ತಿರುಗಿದಳು. "ಎಷ್ಟು ದಿನ?" ಎಂದಳು.

"ಇಪ್ಪತ್ಮೂರು."

"ಮೂವತ್ತು ವರ್ಷ ಆದಮೇಲೆ ಈ ಮನೇಲಿ ಯಾರಾದರೂ ಇರ್ತಾರೆ ಅಂತ ನಿನಗೆ ಅನ್ನಿಸಲೇ ಇಲ್ವಾ?"

"ಇಲ್ಲ."

"ಇರಲಿ ಅಂತಾನೂ ಅನ್ನಿಸಲಿಲ್ಲ."

ಅದು ಪ್ರಶ್ನೆಯಾಗಿರಲಿಲ್ಲ.

"ಆವಾಗಿನದು ಬಿಡು" ಎಂದಳು. "ಅಣ್ಣ ಹೋಗಿದ್ದ, ನಿನ್ನ ಬುದ್ಧಿ ನಿನ್ನ ಕೈಲಿರಲಿಲ್ಲ. ಆಮೇಲೆ ನಾನು ಹುಟ್ಟಿದೆನಲ್ಲ. ಇಪ್ಪತ್ತೆಂಟು ವರ್ಷ ಇತ್ತು ಹೇಳೋಕೆ. ಹೋದ ತಿಂಗಳು ಈ ಕಲ್ಲಿಗೆ ಒರಗಿಕೊಂಡು ಕೂತಿದ್ದೆ, ಆಗ ಹೇಳಿದ್ದರೆ ನಾನ್ಯಾಕೆ ಇಲ್ಲಿ ಹೆರ್ತಿದ್ದೆ? ನಿನ್ನೆ ಹೇಳಿದ್ದರೂ ಆಗ್ತಿತ್ತು. ಇಟ್ಟಿಗೆ ಜೋಡಿಸ್ತಾ ಇದ್ದೆಯಲ್ಲಮ್ಮ, ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಆಗಲಿಲ್ವಾ?"

ಪುಟ್ಟತಾಯಮ್ಮ, "ಆಯ್ತು ಬಾ ಮಗಾ, ಮಾತು ಆಮೇಲಾಡೀವಂತೆ. ನಮ್ಮನೆ ಒಲೆ ಐತೆ" ಎಂದಳು. ಕೂಸನ್ನು ತನ್ನ ಕುಪ್ಪಸದೊಳಗೆ ಎದೆಗೆ ಒತ್ತಿಕೊಂಡು, ಮೇಲೆ ಕಂಬಳಿ ಸುತ್ತಿ, ಇನ್ನೊಂದು ಕೈಯಲ್ಲಿ ಭಾರ್ಗವಿಯನ್ನು ಹಿಡಿದುಕೊಂಡು ಮಂಜಿನೊಳಗೆ ಬೀದಿ ದಾಟಿದಳು. ಭಾರ್ಗವಿ ತಿರುಗಿ ನೋಡಲಿಲ್ಲ. ನಾನು ಹೊಸಿಲಿನವರೆಗೆ ಹೋದೆ. ಅವಳು ಎದುರಿನ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

ಮೂರು ದಿನ ಕೂಸು ಮೊಲೆ ಹಿಡಿಯಲಿಲ್ಲ. ಒಳಲೆಯಲ್ಲಿ ತೊಟ್ಟು ತೊಟ್ಟು ಹಾಲು ಬಿಡುತ್ತಿದ್ದಾರೆ, ಅರ್ಧ ಹೊರಗೆ ಬರುತ್ತಿದೆ ಎಂದು ನರ್ಸಮ್ಮ ಬೀದಿಯಲ್ಲಿ ನಿಂತು ಹೇಳಿಹೋಗುತ್ತಿದ್ದಳು. ನನ್ನ ಮನೆಯೊಳಗೆ ಅವಳು ಬರಲಿಲ್ಲ. ಸುದ್ದಿ ಹಬ್ಬಿತ್ತು. ಸ್ಕೂಲಿನಲ್ಲಿ ಯಾರೂ ಏನೂ ಕೇಳಲಿಲ್ಲ, ಅದೇ ಹೇಳುತ್ತಿತ್ತು ಎಲ್ಲರಿಗೂ ಗೊತ್ತೆಂದು. ನಾಲ್ಕನೆಯ ದಿನ ಎದುರು ಮನೆಯಿಂದ ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಅಳು ಕೇಳಿತು. ನಾನು ಖಾಲಿ ಒಲೆಯ ಮುಂದೆ ಕೂತು ಆ ಅಳು ನಿಲ್ಲುವವರೆಗೂ ಕೇಳಿದೆ. ಬದುಕುತ್ತದೆ ಎನ್ನಿಸಿತು.

ಆ ದಿನಗಳಲ್ಲಿ ಸ್ಕೂಲು ಬಿಟ್ಟರೆ ನಾನು ಎಲ್ಲಿಗೂ ಹೋಗಲಿಲ್ಲ. ಎರಡು ಮೂರು ಮನೆಯವರು ಮುಖ ಬೇರೆ ಕಡೆ ಮಾಡಿಕೊಂಡೇ ಅನ್ನಕ್ಕೆ ಕರೆದರು, ಹೋಗಲಿಲ್ಲ. ಅವಲಕ್ಕಿ ನೆನೆಸಿಕೊಂಡು ತಿಂದೆ. ದಿನಾ ಬೆಳಿಗ್ಗೆ ಒಲೆಗೆ ಸೌದೆ ಇಟ್ಟೆ, ಬೇಕಾದ್ದಕ್ಕಿಂತ ಎರಡರಷ್ಟು. ಉರಿಯೊಳಗೆ ಬೆರಳು ಮರಗಟ್ಟುತ್ತಿತ್ತು. ಪುಟ್ಟತಾಯಮ್ಮ ಮತ್ತೆ ಬಂದು ಒಯ್ದಿದ್ದ ಬಾಂಡಲಿ ಎದುರು ಮನೆಯಲ್ಲಿ ಅದೇ ಹೊತ್ತಿಗೆ ಕಾಯುತ್ತಿತ್ತು, ಒಂದು ದಿನ ಸ್ವಲ್ಪ ಹೆಚ್ಚು, ಒಂದು ದಿನ ಬರೀ ಉಗುರುಬೆಚ್ಚಗೆ. ನಾನು ಯಾವ ದಿನ ಎಷ್ಟು ಸೋಮಾರಿಯಾಗಿದ್ದೆ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಾಗುತ್ತಿತ್ತು.

ಹದಿನೇಳರ ಭಾನುವಾರ ಪುಟ್ಟತಾಯಮ್ಮ ಬೀದಿ ದಾಟಿ ಬಂದಳು. "ಇವತ್ತೇನವ್ವ, ಬಾಂಡ್ಲಿ ಹತ್ತಿರ ಹೋಗಂಗಿಲ್ಲ. ಕೆಂಪಗಾಗೈತೆ. ಹನ್ನೊಂದು ಗಂಟೆ ಆದ್ರೂ ಆರವಲ್ದು. ಅವತ್ತೇನು ಹಾಕಿದ್ದೆ ಅಂತ ನಿನ್ನ ಮಗಳು ಕೇಳ್ತಾವಳೆ."

"ಅವಳೇ ಕೇಳಿದಳಾ?"

"ಅವಳೇ ಕೇಳಿದ್ಲು."

ಅವತ್ತು ನಾರು ಮುಗಿದಿತ್ತು. ನಾನು ಪೆಟ್ಟಿಗೆ ತೆಗೆದೆ. ಮಗುವಿನ ಎರಡು ಜುಬ್ಬ, ನಾಲ್ಕು ದುಪ್ಪಟಿ, ಅಮ್ಮ ಹೊಲಿದುಕೊಟ್ಟ ಕೆಂಪು ಕುಲಾವಿ, ತೊಟ್ಟಿಲಿಗೆ ಕಟ್ಟಿದ್ದ ಮರದ ಗಿಳಿ, ಕೊನೆಗೆ ತೊಟ್ಟಿಲಿನ ಪಟ್ಟಿಗಳನ್ನೇ ಮುರಿದು ಹಾಕಿದೆ. ಇಡೀ ಬೆಳಿಗ್ಗೆ ಉರಿಯಿತು. ಕುಲಾವಿ ಹಾಕುವ ಮೊದಲು ಮೂಸಿ ನೋಡಿದ್ದೆ. ಉರಿಯೊಳಗೆ ಕೈ ಇಟ್ಟೆ, ತಣ್ಣಗಿತ್ತು. ಇಷ್ಟೆಲ್ಲ ಇಲ್ಲವಾದರೂ ಒಂದು ಚೂರು ಕಾವಿಲ್ಲವಲ್ಲ ಎಂದು ಕೂಗಿ ಅತ್ತಿದ್ದು ನೆನಪಿದೆ. ಇದನ್ನೆಲ್ಲ ಪುಟ್ಟತಾಯಮ್ಮನಿಗೆ ಹೇಳಲಾಗಲಿಲ್ಲ. "ಅವನ ಬಟ್ಟೆ" ಎಂದೆ ಅಷ್ಟೆ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೋದಳು. ಆ ಮಧ್ಯಾಹ್ನ ಎದುರಿನ ಕಿಟಕಿಯಲ್ಲಿ ಭಾರ್ಗವಿ ಕಾಣಿಸಿದಳು. ಬಾಂಡಲಿಯ ಮೇಲೆ ಕೂಸಿನ ಬಟ್ಟೆಗಳನ್ನು ಒಂದೊಂದಾಗಿ ಹಿಡಿದು ಕಾಯಿಸಿ, ಮಡಚಿ ಇಡುತ್ತಿದ್ದಳು. ಬಹಳ ಹೊತ್ತು ಹಾಗೇ ಮಾಡಿದಳು. ಒಂದು ಸಲವೂ ನನ್ನ ಕಿಟಕಿಯ ಕಡೆ ತಲೆ ಎತ್ತಲಿಲ್ಲ.

ಫೆಬ್ರವರಿ ಒಂದರ ಬೆಳಿಗ್ಗೆ ಒಲೆ ಬಿಸಿಯಾಯಿತು. ನನ್ನ ಗಂಡ ಇಟ್ಟ ಸೌದೆ. ನಾನು ಕಲ್ಲಿಗೆ ಕೆನ್ನೆ ಇಟ್ಟುಕೊಂಡು ಕೂತೆ. ಭಾರ್ಗವಿ ವಾಪಸು ಬರಲಿಲ್ಲ. ಬಾಣಂತನವನ್ನೆಲ್ಲ ಎದುರು ಮನೆಯಲ್ಲೇ ಮುಗಿಸಿ, ಮೇಲಿನ ಬೀದಿಗೆ ಹೊರಡುವ ದಿನ ಬೆಳಿಗ್ಗೆ ಮಾತ್ರ ನನ್ನ ಅಡುಗೆಮನೆಗೆ ಬಂದಳು. ಕೂಸನ್ನು ತಂದಿರಲಿಲ್ಲ. ನಾನು ಆಗಷ್ಟೇ ಸೌದೆ ಇಟ್ಟಿದ್ದೆ. ಅವಳು ಬಗ್ಗಿ ಒಲೆಯೊಳಗೆ ನೋಡಿದಳು. ಉರಿಯುವ ಕೊಳ್ಳಿಯನ್ನು ಕೈಯಲ್ಲೇ ಹೊರಳಿಸಿ, ಅದು ಸೌದೆಯೇ ಹೌದೆಂದು ನೋಡಿದಳು. ಚಿಮಣಿಯ ಕೆಳಗೆ ಕೈ ಆಡಿಸಿದಳು. ನನ್ನ ಮಗಳು ನನ್ನ ಮನೆಯಲ್ಲಿ ಪೊಲೀಸಿನವರ ಹಾಗೆ ತಡಕುತ್ತಿದ್ದರೆ ನಾನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ.

"ಜನವರಿ ಪೂರ್ತಿ ಎರಡರಷ್ಟು ಹಾಕಿದೀನಿ" ಎಂದೆ. "ಆ ಇಪ್ಪತ್ಮೂರು ದಿನ ನಿನಗೆ, ಅವಳಿಗೆ ಚೆನ್ನಾಗಿರತ್ತೆ."

"ಹೊಗೆ ಕಾಣ್ತಿತ್ತು" ಎಂದಳು.

"ಸೌದೇನೇ ಹಾಕಿದೀನಿ ಕಣೇ."

"ಹಾಕಿರ್ತೀಯ." ಕೈಗೆ ಅಂಟಿದ ಮಸಿಯನ್ನು ಸೀರೆಗೆ ಒರೆಸಿಕೊಂಡಳು. "ಹಾಕಿರ್ತೀಯೇನೋ ಅಮ್ಮ. ನನಗೆ ನಂಬೋಕೆ ಆಗ್ತಿಲ್ಲ, ಏನು ಮಾಡಲಿ?"

ಹೊರಡುವಾಗ ಅವಳ ಚೀಲದಿಂದ ಬಾಂಡಲಿಯ ಕಿವಿ ಹೊರಗೆ ಕಾಣುತ್ತಿತ್ತು. ಪುಟ್ಟತಾಯಮ್ಮನನ್ನು ಕೇಳಿ ತೆಗೆದುಕೊಂಡಳಂತೆ.

ಮೇಲಿನ ಬೀದಿಯಿಂದ ನಮ್ಮ ಮನೆಯ ಚಿಮಣಿ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಜಗಲಿಯಲ್ಲಿ ನಿಂತು ಇತ್ತ ನೋಡುತ್ತಾಳೆ ಎಂದು ಹಾಲಿನವನು ಹೇಳಿದ. ನಾನು ನಾಲ್ಕು ಸೌದೆ ಜೋಡಿಸುತ್ತೇನೆ, ಕಡ್ಡಿ ಗೀರುತ್ತೇನೆ, ಹೊಗೆ ಮೇಲೆ ಹೋಗುತ್ತದೆ. ಅವಳಿಗೆ ಕಾಣುವುದು ಅಷ್ಟೇ. ಅದರ ಕೆಳಗೆ ಒಲೆ ಉರಿಯುತ್ತಿತ್ತೋ ಇಲ್ಲವೋ ಎಂದು ತಿಳಿಯಲು ಅವಳಿಗೆ ಮೂವತ್ತು ವರ್ಷ ಬೇಕು. ಆಗ ಅವಳಿಗೆ ಐವತ್ತೆಂಟು, ನನಗೆ ಈಗ ಆಗಿರುವಷ್ಟೇ. ಜನವರಿ ಒಂಬತ್ತರ ಬೆಳಿಗ್ಗೆ ಈ ಬಾಗಿಲು ತೆಗೆದು ಬಂದು ಕಲ್ಲಿನ ಮೇಲೆ ಅಂಗೈ ಇಡುತ್ತಾಳೆ. ಬಿಸಿ ಇರುತ್ತದೆ. ನಾನು ಇರುವುದಿಲ್ಲ.